ತಲೆಬಾಗಿಲು ಯಾರ ಅಧೀನ?

ಅಂತರ್ಜಾಲವನ್ನು ತೆರೆದೊಡನೆ ಕಣ್ಣಿಗೆ ಬೀಳುವ ಮೊದಲ ಪುಟವು ಮನೆಗೆ ತಲೆಬಾಗಿಲಿದ್ದಂತೆ. ಬೆಳಗಾದೊಡನೆ ಯಾವ ಸುದ್ದಿ ಮೊದಲು ಕಿವಿಗೆ ಬೀಳಬೇಕು, ಯಾವ ಭಾಷೆ ಮೊದಲು ಕಣ್ಣಿಗೆ ಕಾಣಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರವು ಮನೆಯವನದೋ ಹೊರಗಿನವರದೋ? ಪ್ರಶ್ನೆ ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳ ಸಹಸ್ರಾರು ಉದ್ಯೋಗಿಗಳಿಗೆ ಲೋಕವಾರ್ತೆಯೆಲ್ಲವೂ ಈ ಬಾಗಿಲಿನಿಂದಲೇ ಒಳಬರುತ್ತಿರುವಾಗ ಇದನ್ನು ಉಪೇಕ್ಷಿಸುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಈ ಬಾಗಿಲನ್ನು ಮನೆಯವನೇ ಶೃಂಗರಿಸಿಕೊಳ್ಳಬಹುದಾದ ಕಾಲವೊಂದಿದ್ದಿತು. ಯಾಹೂ ಕಂಪೆನಿಯವರು 1996ರಲ್ಲಿಯೇ ‘ಮೈ ಯಾಹೂ’ ಎಂಬ ಪುಟವನ್ನು ಏರ್ಪಡಿಸಿದರು. ಗೂಗಲ್ ಕಂಪೆನಿಯವರು 2005ರ ಮೇ ತಿಂಗಳಲ್ಲಿ ಅಂಥದೇ ಒಂದನ್ನು ತೆರೆದು, 2007ರಲ್ಲಿ ಅದಕ್ಕೆ ‘ಐಗೂಗಲ್’ ಎಂದು ನಾಮಕರಣ ಮಾಡಿದರು. ಹುಡುಕುವ ಪೆಟ್ಟಿಗೆಯ ಕೆಳಗೆ ಬಳಕೆದಾರನು ತನಗೆ ಬೇಕಾದ ಚೌಕಗಳನ್ನು ತಾನೇ ಜೋಡಿಸಿಕೊಳ್ಳುತ್ತಿದ್ದನು: ಒಂದರಲ್ಲಿ ಅಂಚೆ, ಒಂದರಲ್ಲಿ ಹವಾಮಾನ, ಒಂದರಲ್ಲಿ ಕ್ಯಾಲೆಂಡರು, ಮತ್ತೊಂದರಲ್ಲಿ ತಾನು ಮೆಚ್ಚಿದ ಪತ್ರಿಕೆಯ ಶೀರ್ಷಿಕೆಗಳು. ಪತ್ರಿಕೆಗಳು ತಮ್ಮ ಶೀರ್ಷಿಕೆಗಳನ್ನು ಆರ್‌ಎಸ್‌ಎಸ್ ಎಂಬ ಏರ್ಪಾಡಿನ ಮೂಲಕ ಹೊರಗೆ ಹರಿಯಬಿಡುತ್ತಿದ್ದವು; ಓದುಗನು ಆ ಕಾಲುವೆಯನ್ನು ತನ್ನ ಅಂಗಳಕ್ಕೆ ತಿರುಗಿಸಿಕೊಂಡರೆ ಸಾಕಾಗಿತ್ತು.

ಇದರಿಂದ ಕನ್ನಡಕ್ಕಾದ ಉಪಕಾರವನ್ನು ನಾವು ಮರೆಯಲಾಗದು. 1996ರಲ್ಲಿ ಡಾ. ಯು. ಬಿ. ಪವನಜ ಅವರ ‘ವಿಶ್ವ ಕನ್ನಡ’ದಿಂದ ಮೊದಲ್ಗೊಂಡು, 2003ರಲ್ಲಿ ಕನ್ನಡ ವಿಕಿಪೀಡಿಯ, ಅನಂತರ ‘ಸಂಪದ’, ‘ಕೆಂಡಸಂಪಿಗೆ’ ಮುಂತಾದುವು ಅಂತರ್ಜಾಲದಲ್ಲಿ ನಮ್ಮ ನುಡಿಗೆ ನೆಲೆ ಮಾಡಿಕೊಟ್ಟವು. ಇವುಗಳಿಗೆ ಜಾಹೀರಾತಿನ ಬಲವಿರಲಿಲ್ಲ, ಬಂಡವಾಳದ ಬೆಂಬಲವಿರಲಿಲ್ಲ. ಆದರೂ ಶೀರ್ಷಿಕೆಗಳನ್ನು ಹೀಗೆ ಹರಿಯಬಿಡುವ ಚಿಕ್ಕ ಕನ್ನಡ ತಾಣವೊಂದನ್ನು ಓದುಗನು ಇಷ್ಟಪಟ್ಟರೆ, ಅದು ಅವನ ಪುಟದಲ್ಲಿ ಲಂಡನ್ನಿನ ಬಿಬಿಸಿಯ ಪಕ್ಕದಲ್ಲಿ, ಅಷ್ಟೇ ಅಗಲದ ಚೌಕದಲ್ಲಿ ಕುಳಿತುಕೊಳ್ಳಬಹುದಾಗಿದ್ದಿತು. ಸ್ಥಾನಮಾನವನ್ನು ಕೊಡುವವನು ಓದುಗನಾಗಿದ್ದನೇ ಹೊರತು ಮೂರನೆಯವನಲ್ಲ.

2012ರ ಜುಲೈ ತಿಂಗಳಲ್ಲಿ ಗೂಗಲ್ ಕಂಪೆನಿಯವರು ಈ ಪುಟವನ್ನು ಮುಚ್ಚುವುದಾಗಿ ಸಾರಿದರು. ಕೈಫೋನುಗಳಲ್ಲಿಯೂ ಹೊಸ ಬ್ರೌಸರುಗಳಲ್ಲಿಯೂ ನಡೆಯುವ ಆಪ್‌ಗಳು ಬಂದ ಮೇಲೆ ಇದರ ಅವಶ್ಯಕತೆ ಸವೆದುಹೋಯಿತೆಂಬುದು ಅವರು ಕೊಟ್ಟ ಕಾರಣ. ಹದಿನಾರು ತಿಂಗಳ ವಾಯಿದೆಯ ನಂತರ 2013ರ ನವೆಂಬರ್ 1ರಂದು ಬಾಗಿಲು ಮುಚ್ಚಿತು. ಅದೇ ವರ್ಷದ ಜುಲೈ 1ರಂದು, ಶೀರ್ಷಿಕೆಗಳನ್ನು ಕೂಡಿಸಿ ಓದಿಸುತ್ತಿದ್ದ ‘ಗೂಗಲ್ ರೀಡರ್’ ಕೂಡ ಕಣ್ಮರೆಯಾಗಿದ್ದಿತು. ಮುಚ್ಚಿದ ದಿನವು ನಮ್ಮ ರಾಜ್ಯೋತ್ಸವದ ದಿನವಾದದ್ದು ಕಾಕತಾಳೀಯ. ಕಂಪೆನಿಯವರಿಗೆ ಅದರ ಅರಿವಿದ್ದಿತೆಂದು ನಾವು ಆರೋಪಿಸುವುದಿಲ್ಲ. ಅರಿವಿರಬೇಕಾದ ಅಗತ್ಯವೇ ಅವರಿಗಿರಲಿಲ್ಲವೆಂಬುದು ವಿಚಾರಮಾಡತಕ್ಕ ಸಂಗತಿ.

ತೆರವಾದ ಸ್ಥಳಕ್ಕೆ ಬಂದುದೇನು? 2018ರಲ್ಲಿ ‘ಡಿಸ್ಕವರ್’ ಎಂಬ ಹೆಸರನ್ನು ಪಡೆದ ಸುದ್ದಿಯ ಸಾಲು. ಇಲ್ಲಿ ಚೌಕಗಳನ್ನು ಜೋಡಿಸುವವನು ಓದುಗನಲ್ಲ, ಯಂತ್ರ. ನಾವು ನಿನ್ನೆ ಏನು ಹುಡುಕಿದೆವು, ಯಾವುದನ್ನು ಒತ್ತಿದೆವು ಎಂಬುದನ್ನು ಲೆಕ್ಕಹಾಕಿ ಇಂದು ನಮಗೇನು ಬೇಕೆಂದು ಅದೇ ಊಹಿಸುತ್ತದೆ. ಇಂಥದು ಬೇಡವೆಂದು ಹೇಳಲು ಅವಕಾಶವುಂಟು. ಆದರೆ ಇದು ಮೊದಲು, ಅದು ಆಮೇಲೆ ಎಂದು ಪುಟವನ್ನು ನಾವೇ ಹೂಡಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಯಂತ್ರದ ವಿವೇಚನೆ ಎಂಥದೆಂಬುದನ್ನು ಕನ್ನಡಿಗರು 2021ರ ಜೂನ್ ತಿಂಗಳಲ್ಲಿ ಕಂಡಿದ್ದಾರೆ. ಭಾರತದ ಕುರೂಪ ಭಾಷೆ ಯಾವುದೆಂಬ ಕುಚೋದ್ಯದ ಪ್ರಶ್ನೆಗೆ ಗೂಗಲ್ ಯಂತ್ರವು ಎಲ್ಲಿಯೋ ಬಿದ್ದಿದ್ದ ಪುಟವೊಂದನ್ನು ಎತ್ತಿ, ಕನ್ನಡವೆಂಬ ಉತ್ತರವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿತು. ನಾಡಿನಲ್ಲಿ ಕೋಲಾಹಲವಾದ ಮೇಲೆ ಕಂಪೆನಿಯವರು ಕ್ಷಮೆ ಕೋರಿ ಅದನ್ನು ತೆಗೆದರು. ಅವರಿಗೆ ದುರುದ್ದೇಶವಿರಲಿಲ್ಲವೆಂದು ಒಪ್ಪೋಣ. ಯಾರೂ ಆರಿಸದೆಯೇ ಒಂದು ಮಾತು ಎಲ್ಲರ ಕಣ್ಮುಂದೆ ಮೊದಲನೆಯದಾಗಿ ಬಂದು ನಿಲ್ಲಬಹುದೆಂಬುದೇ ನಮ್ಮ ಚಿಂತೆಗೆ ಕಾರಣ.

“ಪುಕ್ಕಟೆಯಾಗಿ ಕೊಟ್ಟದ್ದನ್ನು ಕೊಟ್ಟವರು ಹಿಂದಕ್ಕೆ ತೆಗೆದುಕೊಂಡರೆ ದೂರುವುದೇಕೆ?” ಎಂದು ಕೆಲವರು ಆಕ್ಷೇಪಿಸಬಹುದು. ಪುಕ್ಕಟೆಯೆಂಬುದನ್ನು ನಾವು ಒಪ್ಪುವುದಿಲ್ಲ. ನಮ್ಮ ಗಮನವನ್ನು ಜಾಹೀರಾತುದಾರರಿಗೆ ಮಾರಿ ಬಂದ ಹಣದಿಂದಲೇ ಆ ವ್ಯಾಪಾರ ನಡೆಯುತ್ತಿದೆ. ಬಾಡಿಗೆ ಸಲ್ಲುತ್ತಿದೆ, ರಸೀದಿ ಮಾತ್ರ ಇಲ್ಲ. ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶವನ್ನೇ ನೋಡಿರಿ. ಕೈಗಾರಿಕೆಗಾಗಿ ನೆಲ ಬೇಕಾದರೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾನೂನಿನ ಮೇರೆಗೆ ನೋಟೀಸು ಕೊಡಬೇಕು, ಆಕ್ಷೇಪಣೆ ಕೇಳಬೇಕು, ಪರಿಹಾರ ಕಟ್ಟಬೇಕು. ಆ ಪರಿಹಾರ ಸಾಲದೆಂದು ರೈತನು ನ್ಯಾಯಸ್ಥಾನದ ಮೆಟ್ಟಲು ಹತ್ತಬಹುದು. 1974ರ ಭೂಸುಧಾರಣೆಯಾದರೋ ಗೇಣಿದಾರನನ್ನೇ ಒಡೆಯನನ್ನಾಗಿಸಿತು. ಮಣ್ಣಿನ ವಿಷಯದಲ್ಲಿ ಇಷ್ಟು ನ್ಯಾಯವನ್ನು ಕಂಡುಕೊಂಡ ನಾಡು, ಪರದೆಯ ವಿಷಯದಲ್ಲಿ ಒಕ್ಕಲೆಬ್ಬಿಸಿಕೊಂಡರೂ ಸುಮ್ಮನಿರುವುದು ವಿಚಿತ್ರವಲ್ಲವೇ?

ಈ ವಿಷಯದಲ್ಲಿ ಕೇಂದ್ರ ಸರಕಾರದವರ ನಡೆ ನಮಗೆ ಸಮಾಧಾನವನ್ನುಂಟುಮಾಡಿಲ್ಲ. 2019ರಲ್ಲಿ ಲೋಕಸಭೆಯ ಮುಂದೆ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ, ಒಬ್ಬನು ತನಗೆ ಸಂಬಂಧಿಸಿದ ದತ್ತಾಂಶವನ್ನು ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಕೊಂಡೊಯ್ಯುವ ಹಕ್ಕು ಇದ್ದಿತು. ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಂಡರು. 2023ರಲ್ಲಿ ಅಂಗೀಕೃತವಾದ ಕಾನೂನಿನಲ್ಲಿ ದತ್ತಾಂಶವನ್ನು ತಿದ್ದಿಸುವ, ಅಳಿಸಿಹಾಕಿಸುವ ಹಕ್ಕುಗಳುಂಟು, ಕೊಂಡೊಯ್ಯುವ ಹಕ್ಕಿಲ್ಲ. ಮನೆಯನ್ನು ಬಿಡುವವನು ತನ್ನ ಸಾಮಾನನ್ನು ಸುಟ್ಟುಹಾಕಬಹುದು, ಹೊತ್ತುಕೊಂಡು ಹೋಗಲಾಗದು ಎಂದಂತಾಯಿತು. ಸ್ಪರ್ಧಾ ಆಯೋಗದವರು ಮಾತ್ರ 2022ರ ಅಕ್ಟೋಬರಿನಲ್ಲಿ ಗೂಗಲ್ ಕಂಪೆನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಹೊಸ ಫೋನನ್ನು ಅಣಿಗೊಳಿಸುವಾಗಲೇ ಹುಡುಕುವ ಯಂತ್ರವನ್ನು ಆರಿಸಿಕೊಳ್ಳಲು ಗ್ರಾಹಕನಿಗೆ ಅವಕಾಶವಿರಬೇಕೆಂದು ಆಜ್ಞಾಪಿಸಿದರು. ಆರಿಸುವ ಹಕ್ಕನ್ನು ಕಾನೂನಿನಿಂದ ಕೊಡಿಸಬಹುದೆಂಬುದಕ್ಕೆ ಇದೇ ನಿದರ್ಶನ.

ನಮ್ಮ ಬೇಡಿಕೆ ದೊಡ್ಡದಲ್ಲ. ಕೊಂಡೊಯ್ಯುವ ಹಕ್ಕನ್ನು ಕೇಂದ್ರ ಸರಕಾರದವರು ಕಾನೂನಿಗೆ ಮರಳಿ ಸೇರಿಸಲಿ. ಮೊದಲ ಪುಟದಲ್ಲಿ ಯಾವ ಭಾಷೆ, ಯಾವ ಪತ್ರಿಕೆ ಎಂದು ಆರಿಸಿ, ಕ್ರಮವನ್ನು ನಿಗದಿಮಾಡುವ ಅವಕಾಶವನ್ನು ಕಂಪೆನಿಗಳು ಓದುಗನಿಗೆ ಬಿಟ್ಟುಕೊಡುವಂತೆ ಮಾಡಲಿ. ರಾಜ್ಯ ಸರಕಾರದವರು ಅಂಗಡಿಯ ಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು, ಒಳ್ಳೆಯದೇ. ಕೈಯೊಳಗಿನ ಫಲಕಕ್ಕೆ ಅಂಥ ಕಡ್ಡಾಯವನ್ನು ನಾವು ಕೇಳುವುದಿಲ್ಲ. ಸರಕಾರಿ ಕಚೇರಿಗಳ ಕಂಪ್ಯೂಟರುಗಳಾದರೂ ಬೆಳಗ್ಗೆ ತೆರೆದಾಗ ಕನ್ನಡ ಪುಟವನ್ನೇ ಮೊದಲು ತೋರಲಿ ಎಂದಷ್ಟೇ ನಮ್ಮ ವಿಜ್ಞಾಪನೆ.

ಸರಕಾರಗಳು ಎಚ್ಚರಗೊಳ್ಳುವವರೆಗೆ ವಾಚಕರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಮೊದಲ ಪುಟ ಯಾವುದೆಂದು ಗೊತ್ತುಮಾಡುವ ಅನುಕೂಲವು ಕಂಪ್ಯೂಟರಿನ ಬ್ರೌಸರುಗಳಲ್ಲಿ ಇಂದಿಗೂ ಉಳಿದಿದೆ. ಶೀರ್ಷಿಕೆಗಳನ್ನು ಹರಿಯಬಿಡುವ ಆರ್‌ಎಸ್‌ಎಸ್ ಕಾಲುವೆಯೂ ಪೂರ್ತಿ ಬತ್ತಿಲ್ಲ. 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ರೈಲು ಓಡುತ್ತಿದೆ. ಅದರಲ್ಲಿ ಕುಳಿತವರೆಲ್ಲರ ತಲೆಯೂ ಫೋನಿನತ್ತ ಬಾಗಿರುತ್ತದೆ. ತಲೆ ಬಾಗುವುದಾದರೆ ತಾನೇ ಆರಿಸಿದ ಬಾಗಿಲಿಗೆ ಬಾಗಲಿ. ತನ್ನ ಹೊಸ್ತಿಲಿಗೆ ತಾನು ರಂಗವಲ್ಲಿ ಇಡಲೊಲ್ಲದವನು, ಅಲ್ಲಿ ಬಂದು ನಿಂತವರನ್ನು ದೂರುವ ಅಧಿಕಾರವನ್ನೂ ಕ್ರಮೇಣ ಕಳೆದುಕೊಳ್ಳುತ್ತಾನೆ.