ಸೆಲ್ಲುಗಳನ್ನು ಸಾಗಿಸುವ ಟ್ರೇ

ವಿದ್ಯುಚ್ಚಾಲಿತ ವಾಹನಗಳನ್ನು ಕುರಿತು ನಮ್ಮಲ್ಲಿ ನಡೆಯುತ್ತಿರುವ ಚರ್ಚೆಗಳಲ್ಲಿ ಬ್ಯಾಟರಿಯ ಬೆಲೆ, ಅದರ ಆಯುಷ್ಯ, ಒಮ್ಮೆ ಚಾರ್ಜು ಮಾಡಿದರೆ ಗಾಡಿ ಓಡುವ ದೂರ ಇವೇ ಮೊದಲಾದ ಸಂಗತಿಗಳಿಗೆ ಸಲ್ಲುತ್ತಿರುವ ಗಮನದಲ್ಲಿ ಶತಾಂಶವಾದರೂ, ಆ ಬ್ಯಾಟರಿಯ ಅವಯವಗಳಾದ ಸೆಲ್ಲುಗಳು ಕಾರ್ಖಾನೆಯಿಂದ ಹೊರಟು ಜೋಡಣೆಯ ಮೇಜನ್ನು ಮುಟ್ಟುವವರೆಗೆ ಯಾವುದರಲ್ಲಿ ಕುಳಿತು ಬರುತ್ತವೆ ಎಂಬ ಪ್ರಶ್ನೆಗೆ ಸಂದಂತೆ ಕಾಣುವುದಿಲ್ಲ. ಪ್ಯಾಕಿಂಗ್ ಸಾಮಾನು ಬಿಚ್ಚಿ ಬಿಸಾಡತಕ್ಕ ವಸ್ತುವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸೆಲ್ಲಿನ ಮಟ್ಟಿಗೆ ಆ ಭಾವನೆ ಅಪಾಯಕರವಾದುದೆಂದೂ, ಸೆಲ್ಲನ್ನು ಹೊರುವ ಟ್ರೇಯನ್ನು ಅಗ್ನಿಶಾಮಕ ಸಲಕರಣೆಗಳ ಪಂಕ್ತಿಯಲ್ಲಿಯೇ ಕೂರಿಸಬೇಕೆಂದೂ ನನ್ನ ಅಭಿಪ್ರಾಯ.

ದ್ವಿಚಕ್ರ ವಾಹನಗಳಲ್ಲಿಯೂ ಹಳೆಯ ಲ್ಯಾಪ್‌ಟಾಪುಗಳಲ್ಲಿಯೂ ಹೇರಳವಾಗಿ ಕಾಣಸಿಗುವ 18650 ಎಂಬ ಸೆಲ್ಲು 18 ಮಿಲಿಮೀಟರು ವ್ಯಾಸವೂ 65 ಮಿಲಿಮೀಟರು ಉದ್ದವೂ ಉಳ್ಳ ಒಂದು ಸಣ್ಣ ಉಕ್ಕಿನ ಡಬ್ಬಿ. ಇದರಲ್ಲಿ ನೆನಪಿಡಬೇಕಾದ ವಿಶೇಷವೇನೆಂದರೆ, ಆ ಡಬ್ಬಿಯ ಮೈಯೆಲ್ಲವೂ ಋಣಾಗ್ರವೇ ಆಗಿರುವುದು. ತಲೆಯ ಮೇಲಿನ ಪುಟ್ಟ ಟೋಪಿ ಮಾತ್ರ ಧನಾಗ್ರ. ಇವೆರಡರ ನಡುವೆ ಇರುವುದು ಒಂದು ಕಿರಿದಾದ ಬಳೆಯಂಥ ಅಂತರ ಮತ್ತು ಮೇಲೆ ಸುತ್ತಿದ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ಆ ಹೊದಿಕೆ ಕುತ್ತಿಗೆಯ ಬಳಿ ಹರಿದು, ಪಕ್ಕದ ಸೆಲ್ಲೋ, ಒಂದು ಮೊಳೆಯೋ ಅಲ್ಲಿ ತಗಲಿತೆಂದರೆ ಶಾರ್ಟ್ ಆಗುವುದಕ್ಕೆ ಇನ್ನೇನೂ ಬೇಕಿಲ್ಲ. ಒಳಗಣ ಸ್ಥಿತಿ ಇನ್ನೂ ಸೂಕ್ಷ್ಮ: ಸುರುಳಿ ಸುತ್ತಿದ ಎರಡು ಧ್ರುವಗಳನ್ನು ಅಗಲಿಸಿರುವ ಪೊರೆಯ ದಪ್ಪ ಸುಮಾರು 20 ಮೈಕ್ರಾನು, ಎಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ.

ಹಿಂದೆ ಊರೂರು ತಿರುಗುತ್ತಿದ್ದ ಬಳೆಗಾರನು ತನ್ನ ಮಲಾರವನ್ನು ಎಷ್ಟು ಜೋಪಾನವಾಗಿ ಹೊರುತ್ತಿದ್ದನೆಂಬುದನ್ನು ಕಂಡವರು ಬಲ್ಲರು. ಆದರೆ ಅವನಿಗೆ ಒಂದು ಅನುಕೂಲವಿತ್ತು, ಒಡೆದ ಬಳೆ ಒಡೆದಿದೆಯೆಂದು ಕಣ್ಣಿಗೆ ಕಾಣುತ್ತಿತ್ತು. ಪೆಟ್ಟು ತಿಂದ ಸೆಲ್ಲು ಹಾಗಲ್ಲ. ಅದು ವೋಲ್ಟೇಜನ್ನು ಸರಿಯಾಗಿಯೇ ತೋರಿಸುತ್ತ, ಪ್ಯಾಕಿನೊಳಗೆ ಸೇರಿ, ತಿಂಗಳುಗಳ ಅನಂತರ ಯಾರದೋ ಮನೆಯ ಮೆಟ್ಟಿಲಡಿಯಲ್ಲಿ ಚಾರ್ಜಿಗೆ ಹಾಕಿದಾಗ ತನ್ನ ಗಾಯವನ್ನು ಪ್ರಕಟಪಡಿಸಬಹುದು. ಆಗ ಗಾಡಿಯನ್ನು ದೂಷಿಸುವರು, ಚಾರ್ಜರನ್ನು ದೂಷಿಸುವರು, ಬೇಸಗೆಯನ್ನೂ ದೂಷಿಸುವರು. ಲಾರಿಯ ಹಿಂಬದಿಯಲ್ಲಿ ಕುಲುಕಾಡಿದ ರಟ್ಟಿನ ಪೆಟ್ಟಿಗೆಯನ್ನು ನೆನೆಯುವವರು ಯಾರೂ ಇರುವುದಿಲ್ಲ.

ಒಳ್ಳೆಯ ಟ್ರೇಯ ರಚನೆ ಹೊರನೋಟಕ್ಕೆ ಸುಲಭವೆಂದು ತೋರಿದರೂ ಅದರಲ್ಲಿ ಕೈಯಿಟ್ಟವರಿಗೆ ಅದರ ತೊಡಕುಗಳು ಒಂದೊಂದಾಗಿ ಗೋಚರಿಸುತ್ತವೆ. ಗುಳಿ ಬಿಗಿಯಾದರೆ ಸೆಲ್ಲನ್ನು ಕೀಳುವಾಗ ಹೊದಿಕೆ ಕೆರೆದುಹೋಗುತ್ತದೆ. ಸಡಿಲವಾದರೆ ದಾರಿಯುದ್ದಕ್ಕೂ ಸೆಲ್ಲು ಅಲುಗಾಡಿ ಅದೇ ಹೊದಿಕೆಯನ್ನು ತಾನೇ ಸವೆಸಿಕೊಳ್ಳುತ್ತದೆ. ಈ ಬಿಗಿ ಸಡಿಲಗಳ ನಡುವಣ ಅವಕಾಶ ಮಿಲಿಮೀಟರಿನ ಒಂದಂಶ ಮಾತ್ರವಾಗಿರುವಾಗ, ಅಚ್ಚಿನಿಂದ ಹೊರಬಂದ ಪಾಲಿಪ್ರೊಪಿಲೀನು ಆರುತ್ತ ನೂರಕ್ಕೆ ಒಂದೂವರೆ ಪಾಲಿನಷ್ಟು ಕುಗ್ಗುವ ಸ್ವಭಾವದ್ದಾದುದರಿಂದ, 300 ಮಿಲಿಮೀಟರು ಉದ್ದದ ಟ್ರೇಯೊಂದು ನಾಲ್ಕೂವರೆ ಮಿಲಿಮೀಟರು ಕಿರಿದಾಗುವುದನ್ನು ಮೊದಲೇ ಲೆಕ್ಕ ಹಾಕಿ ಅಚ್ಚನ್ನು ಕೊರೆಯದ ಕುಶಲಕರ್ಮಿಯ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಭಾರದ ವಿಷಯವೂ ಹೀಗೆಯೇ. ಒಂದು ಸೆಲ್ಲಿನ ತೂಕ ಸುಮಾರು 45 ಗ್ರಾಂ; ನೂರು ಸೆಲ್ಲಿನ ಟ್ರೇಗಳನ್ನು ಹತ್ತರಂತೆ ಒಂದರ ಮೇಲೊಂದು ಅಡುಕಿದರೆ ಕೆಳಗಿನ ಟ್ರೇಯ ಮೇಲೆ ನಾಲ್ವತ್ತು ಕಿಲೋ ಬೀಳುವುದು. ಆ ಭಾರವನ್ನು ಟ್ರೇಯ ಅಂಚುಗಳೂ ಪಕ್ಕೆಲುಬುಗಳೂ ಹೊರಬೇಕಲ್ಲದೆ ಸೆಲ್ಲಿನ ಟೋಪಿಗಳು ಹೊರಕೂಡದು. ಏಕೆಂದರೆ ಒಳಗೆ ಅನಿಲದ ಒತ್ತಡ ಮಿತಿಮೀರಿದಾಗ ಅದು ಹೊರಬೀಳತಕ್ಕ ದ್ವಾರವೂ ಆ ಟೋಪಿಯ ಕೆಳಗೇ ಇರುವುದು. ಇನ್ನೊಂದು ಪ್ರಮಾದವುಂಟು, ಅದನ್ನು ಮಾಡುವವರು ಹೆಚ್ಚಾಗಿ ತಿಳಿದವರೇ! ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಸ್ಥಿರವಿದ್ಯುತ್ತಿನಿಂದ ಕಾಪಾಡಲು ಇಂಗಾಲದ ಪುಡಿ ಬೆರೆಸಿದ ಕಪ್ಪು ಟ್ರೇಗಳನ್ನು ಬಳಸುವುದು ವಾಡಿಕೆ. ವಿದ್ಯುತ್ತನ್ನು ಹರಿಯಗೊಡುವ ಆ ಟ್ರೇಯಲ್ಲಿಯೇ ಬರಿಮೈಯ ಸೆಲ್ಲುಗಳನ್ನಿಡುವುದು ರೋಗಕ್ಕಿಂತ ಅಪಾಯಕರವಾದ ಔಷಧ.

ಸೆಲ್ಲುಗಳೆಲ್ಲವೂ ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯ 38.3ನೆಯ ಪ್ರಕರಣದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿಯೇ ಬರುತ್ತವಲ್ಲ, ಮತ್ತೆ ಟ್ರೇಯ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಕಂಪನ, ಆಘಾತ, ಶೈತ್ಯ, ತಾಪ ಮುಂತಾದ ಆ ಪರೀಕ್ಷೆಗಳು ಮಾದರಿಗೆ ಆಯ್ದ ಕೆಲವು ಸೆಲ್ಲುಗಳಿಗೆ ಆಗುವಂಥವು. ನಮ್ಮ ಕೈಗೆ ಬಂದ ಸೆಲ್ಲು ದಾರಿಯಲ್ಲಿ ಏನನ್ನು ಅನುಭವಿಸಿತೆಂಬುದನ್ನು ಅವು ಹೇಳಲಾರವು. ಆದುದರಿಂದಲೇ ವಿಶ್ವಸಂಸ್ಥೆಯ ಸಾಗಾಟದ ನಿಯಮಗಳು, ಸೆಲ್ಲು ತುಂಬಿದ ಪೊಟ್ಟಣವು 1.2 ಮೀಟರು ಎತ್ತರದಿಂದ ಹೇಗೆ ಬಿದ್ದರೂ ಒಳಗಿನ ಸೆಲ್ಲುಗಳು ಒಂದನ್ನೊಂದು ತಗಲಕೂಡದೆಂದು ಬೇರೆಯಾಗಿ ವಿಧಿಸಿವೆ. ಸಾಗಾಟದಲ್ಲಿ ಇಷ್ಟು ಎಚ್ಚರಿಕೆ ನಿಷ್ಕಾರಣವಲ್ಲ: 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಲಿಥಿಯಂ ಬ್ಯಾಟರಿಗಳನ್ನೂ ಹೊತ್ತಿದ್ದ ಸರಕು ವಿಮಾನವೊಂದು ಹೊತ್ತಿಕೊಂಡು ಉರುಳಿ ಇಬ್ಬರು ವೈಮಾನಿಕರು ಮೃತರಾದರು. 2016ರ ಏಪ್ರಿಲಿನಿಂದ ಪ್ರಯಾಣಿಕರ ವಿಮಾನಗಳಲ್ಲಿ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸರಕಾಗಿ ಒಯ್ಯುವುದೇ ನಿಷಿದ್ಧ. ಸರಕು ವಿಮಾನಗಳಲ್ಲಿಯೂ ಅವುಗಳ ಚಾರ್ಜು ನೂರಕ್ಕೆ ಮೂವತ್ತನ್ನು ಮೀರಕೂಡದು.

ಸಾಗಾಟದ ಈ ಶಿಸ್ತು ವಿಮಾನದಿಂದಲೋ ಹಡಗಿನಿಂದಲೋ ಇಳಿದ ಪೆಟ್ಟಿಗೆಯನ್ನು ಗೋದಾಮಿನಲ್ಲಿ ಬಿಚ್ಚುವವರೆಗೂ ಹೇಗೋ ಉಳಿದಿರುತ್ತದೆ. ಬಿಚ್ಚಿದ ಮೇಲೆ ಸೆಲ್ಲುಗಳು ಡಜನ್ನಿನ ಲೆಕ್ಕದಲ್ಲಿ ಬಿಡಿಬಿಡಿಯಾಗಿ, ಪ್ಲಾಸ್ಟಿಕ್ ಕವರಿನಲ್ಲೋ ಹಳೆಯ ಪತ್ರಿಕೆಯ ಸುತ್ತಿನಲ್ಲೋ ಕಿರು ವ್ಯಾಪಾರಿಗಳ ಕೈಯಿಂದ ಕೈಗೆ ಸಾಗುವುವು. ಹಿಂದಿರುಗುವ ಹಳೆಯ ಸೆಲ್ಲುಗಳ ಪಾಡಂತೂ ಹೇಳತೀರದು: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅವುಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿರುವುದೇನೋ ಸರಿ, ಆದರೆ ಹೊಸ ಸೆಲ್ಲಿಗೇ ಟ್ರೇ ಇಲ್ಲದ ಬೀದಿಯಲ್ಲಿ ಹೊದಿಕೆ ಹರಿದು ಮೈ ನೆಗ್ಗಿದ ಹಳೆಯ ಸೆಲ್ಲನ್ನು ಯಾರು ಗುಳಿಯಲ್ಲಿಟ್ಟು ಕಳುಹಿಸುವರು? ನಿಜವಾಗಿ ಟ್ರೇ ಹೆಚ್ಚು ಬೇಕಾದುದು ಆ ಮರುಪ್ರಯಾಣಕ್ಕೆ.

ಖರ್ಚಿನ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಮ್ಮೆ ಬಳಸಿ ಎಸೆಯುವ ಟ್ರೇಯ ಲೆಕ್ಕ ಬೇರೆ, ಹೊಸ ಸೆಲ್ಲನ್ನು ತಂದು ಹಳೆಯದನ್ನು ಒಯ್ಯುತ್ತ ವರ್ಷಗಟ್ಟಲೆ ದುಡಿಯುವ ಟ್ರೇಯ ಲೆಕ್ಕ ಬೇರೆ. ಎಲ್ಲ ಕಾರ್ಖಾನೆಗಳಲ್ಲಿಯೂ ಒಂದೇ ಅಳತೆ ನಡೆಯುವುದಾದರೆ ಮಾತ್ರ ಎರಡನೆಯದು ಸಾಧ್ಯ. ಅಂಥ ಅಚ್ಚುಗಳನ್ನು ಮಾಡಬಲ್ಲವರು ನಮ್ಮ ಬೆಂಗಳೂರಿನ ಪೀಣ್ಯದಲ್ಲಿಯೇ ಇದ್ದಾರೆ. 18650 ಮತ್ತು ಅದಕ್ಕಿಂತ ತುಸು ದೊಡ್ಡದಾದ 21700 ಸೆಲ್ಲುಗಳಿಗೆ ಗುಳಿಯ ವ್ಯಾಸ, ಆಳ, ಟ್ರೇಯ ಹೊರಸುತ್ತು ಇವುಗಳನ್ನು ನಿಗದಿಗೊಳಿಸುವ ಕೆಲಸವನ್ನು ಭಾರತೀಯ ಮಾನಕ ಬ್ಯೂರೋ ವಿಳಂಬವಿಲ್ಲದೆ ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ ಪ್ಯಾಕು ಜೋಡಿಸುವ ಸಣ್ಣ ಉದ್ಯಮಿಗಳು, ಕವರಿನಲ್ಲಿ ಬಿಡಿಯಾಗಿ ಬಂದ ಸೆಲ್ಲುಗಳನ್ನು ಬೆಲೆ ಎಷ್ಟೇ ಅಗ್ಗವಾಗಿದ್ದರೂ ಒಪ್ಪಿಕೊಳ್ಳದೆ ಹಿಂದಕ್ಕೆ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ.