ತಗಡಿನ ರೆಕ್ಕೆಯೂ ತಾಲ್ಲೂಕಿನ ವಿದ್ಯೆಯೂ

ಎಂಜಿನಿನ ಹಂಗಿಲ್ಲದೆ, ರೆಕ್ಕೆಯ ಆಕಾರದಿಂದಲೂ ಗಾಳಿಯ ಗತಿಯನ್ನರಿತ ಚಾಲಕನ ವಿವೇಕದಿಂದಲೂ ಗಗನದಲ್ಲಿ ಸಂಚರಿಸುವ ಗ್ಲೈಡರನ್ನು ದೊಡ್ಡ ಕಾರ್ಖಾನೆಗಳೇ ನಿರ್ಮಿಸತಕ್ಕದ್ದೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ಸಲ್ಲದೆಂಬುದನ್ನು ಅಮೆರಿಕದ ಒಹಾಯೋ ಸಂಸ್ಥಾನದ ಬ್ರಯಾನ್ ಎಂಬ ಚಿಕ್ಕ ಊರಿನ ರಿಚರ್ಡ್ ಶ್ರೇಡರ್ ಅರ್ಧ ಶತಮಾನದ ಹಿಂದೆಯೇ ತೋರಿಸಿಕೊಟ್ಟರು. 1958, 1960 ಮತ್ತು 1966ರಲ್ಲಿ ತಮ್ಮ ರಾಷ್ಟ್ರದ ಗ್ಲೈಡರ್ ಸ್ಪರ್ಧೆಯನ್ನು ಗೆದ್ದ ಅವರು, ತಾವು ರೂಪಿಸಿದ ಲೋಹದ ಗ್ಲೈಡರುಗಳ ವಿದ್ಯೆಯನ್ನು ಬಚ್ಚಿಡದೆ, ನಕ್ಷೆಗಳನ್ನೂ ಬಿಡಿಭಾಗಗಳನ್ನೂ ಹವ್ಯಾಸಿಗಳಿಗೆ ಒದಗಿಸಿದರು.

ಅವರ ಎಚ್‌ಪಿ-18 ಏಕಾಸನದ ಗ್ಲೈಡರು. ಅದರ ರೆಕ್ಕೆಗಳ ಹರವು 15 ಮೀಟರ್. ತೆಳುವಾದ ಅಲ್ಯೂಮಿನಿಯಂ ತಗಡು ಕಿಂಚಿತ್ತು ಸುಕ್ಕಾದರೂ ಅದರ ಮೇಲೆ ನಯವಾಗಿ ಹರಿಯಬೇಕಾದ ಗಾಳಿ ಕದಡುವುದಾದಕಾರಣ, ಹಗುರವಾದ ಫೋಮಿನ ಪಕ್ಕೆಲುಬುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ತಗಡನ್ನು ಅವಕ್ಕೆ ಅಂಟಿನಿಂದ ಕೂಡಿಸುವ ಉಪಾಯವನ್ನು ಅವರು ಬಳಸಿದರು. ನೆಲಕ್ಕಿಳಿಯುವಾಗ ರೆಕ್ಕೆಯ ಹಿಂಬದಿಯ ಫ್ಲಾಪುಗಳನ್ನು ತೊಂಬತ್ತು ಡಿಗ್ರಿಯವರೆಗೆ ಬಗ್ಗಿಸಿ ಗಾಳಿಗೆ ಅಡ್ಡವೊಡ್ಡಿದರೆ ಸಣ್ಣ ಬಯಲಿನಲ್ಲಿಯೂ ನಿಲ್ಲಬಹುದು. ಒಂದು ಕಿಲೋಮೀಟರ್ ಎತ್ತರದಿಂದ ನಿಶ್ಚಲವಾದ ಗಾಳಿಯಲ್ಲಿ ಅದು ಸುಮಾರು ನಲವತ್ತು ಕಿಲೋಮೀಟರ್ ತೇಲುವುದೆಂದು ಲೆಕ್ಕ. ಅಂದರೆ ಕೊಪ್ಪಳದ ಮೇಲಿನಿಂದ ಹೊರಟವನು ಯಲಬುರ್ಗಾವನ್ನು ನಿರಾಯಾಸವಾಗಿ ಮುಟ್ಟಬಲ್ಲನು, ಗಂಗಾವತಿಯ ಹತ್ತಿರದವರೆಗೂ ಸಾಗಬಲ್ಲನು. ಕುಷ್ಟಗಿಯನ್ನು ಸೇರಬೇಕಾದರೆ ಮಾತ್ರ ಕಾದ ಎರೆಯ ಹೊಲಗಳಿಂದ ಮೇಲೇಳುವ ಬಿಸಿಗಾಳಿಯೊಂದನ್ನು ದಾರಿಯಲ್ಲಿ ಹಿಡಿಯಬೇಕು.

ಈ ವಿದ್ಯೆ ನಮಗೆ ಪರಕೀಯವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರು ಸೈನಿಕರನ್ನು ಸಾಗಿಸುವ ಗ್ಲೈಡರೊಂದನ್ನು ರೂಪಿಸಿದ್ದರು. 1963ರಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಇಲಾಖೆಯ ಏಕಾಸನದ ಕಾರ್ತಿಕ್ ಹಾರಿತು. ಆದರೆ ಅವೆಲ್ಲವೂ ಸರ್ಕಾರದ ಅಥವಾ ಕಾರ್ಖಾನೆಯ ಸಾಹಸಗಳು. ಮನೆಯ ಮಾಳಿಗೆಯ ಮೇಲೆ ವಿಮಾನ ಕಟ್ಟಿದ ಮುಂಬಯಿಯ ಅಮೋಲ್ ಯಾದವರಿಗೆ 2017ರಲ್ಲಿ ದೊರೆತ ನೋಂದಣಿ, ಈ ದಾರಿ ಸಾಮಾನ್ಯ ನಾಗರಿಕನಿಗೂ ಮುಚ್ಚಿಲ್ಲವೆಂಬುದನ್ನು ಸಾರಿತು.

ಗಂಗಾವತಿಯ ಅಕ್ಕಿ ಗಿರಣಿಗಳ ಯಂತ್ರಗಳನ್ನು ಸುಸ್ಥಿತಿಯಲ್ಲಿಡುವ ಫಿಟ್ಟರುಗಳನ್ನೂ, ಹಗುರ ಮರದಲ್ಲಿ ಗೊಂಬೆಗಳನ್ನು ಕಡೆಯುವ ಕಿನ್ನಾಳದ ಕಲಾವಿದರನ್ನೂ ಪಡೆದ ನಮ್ಮ ಕೊಪ್ಪಳ ಜಿಲ್ಲೆಗೆ ಕೈಚಳಕದ ಬಡತನವಿಲ್ಲ. ಆ ಚಳಕವನ್ನು ಗಣಿತದೊಡನೆ ಬೆಸೆಯುವ ಉನ್ನತವಾದೊಂದು ಗುರಿಯ ಕೊರತೆಯುಂಟು. ನಮ್ಮ ಐಟಿಐಗಳ ವಿದ್ಯಾರ್ಥಿಗಳು ಗುರುಗಳ ಮಾರ್ಗದರ್ಶನದಲ್ಲಿ ಗ್ಲೈಡರಿನ ರೆಕ್ಕೆಯನ್ನು ಕಟ್ಟಲೆಂಬುದೇ ನನ್ನ ಸೂಚನೆ. ಅಪಾಯವಲ್ಲವೇ ಎಂದು ಕೇಳುವವರ ಆತಂಕ ನ್ಯಾಯವಾದದ್ದೇ. ಆದಕಾರಣವೇ ಮೊದಲ ರೆಕ್ಕೆ ಹಾರಕೂಡದು. ಅದನ್ನು ತಲೆಕೆಳಗಾಗಿ ಬಿಗಿದು, ಮರಳಿನ ಚೀಲಗಳನ್ನು ಒಂದೊಂದಾಗಿ ಹೇರಿ, ಅದು ಎಷ್ಟು ಬಾಗಿತು, ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಹುಡುಗರೂ ಹುಡುಗಿಯರೂ ಬರೆದಿಡಲಿ. ಒಂದು ರಿವೆಟ್ಟಿನ ಅಲಕ್ಷ್ಯಕ್ಕೆ ಎಂಥ ಬೆಲೆ ತೆರಬೇಕೆಂಬುದನ್ನು ಹಾಗೆ ಕಣ್ಣಾರೆ ಕಂಡು ಕಲಿತವರು ಮುಂದೆ ಯಾವ ಕಾರ್ಖಾನೆಗೆ ಹೋದರೂ ಕೆಲಸವನ್ನು ಅರೆಬರೆಯಾಗಿ ಬಿಡಲಾರರು. ಇಷ್ಟಕ್ಕೆ ಬೇಕಾದದ್ದು ಒಂದು ಶೆಡ್ಡು, ಕೆಲವು ಹಾಳೆ ತಗಡು, ಬಲ್ಲ ಗುರುವೊಬ್ಬರು; ಜಿಲ್ಲಾಡಳಿತ ಮನಸ್ಸು ಮಾಡಿದರೆ ಬರುವ ಶೈಕ್ಷಣಿಕ ವರ್ಷದಲ್ಲಿಯೇ ಆರಂಭಿಸಬಹುದು.