ತಾಂತ್ರಿಕ ಬರವಣಿಗೆ ಮತ್ತು ಕನ್ನಡ ಅಧ್ಯಯನ: ಬೀದರ ಜಿಲ್ಲೆಯ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

1

ಬೀದರ ನಗರದ ಮೈಲೂರ ರಸ್ತೆಯಲ್ಲಿ ಒಂದು, ಭಾಲ್ಕಿಯಲ್ಲಿ ಒಂದು ಹೀಗೆ ಗಡಿ ಜಿಲ್ಲೆಯಾದ ಬೀದರಿನಲ್ಲಿ 1980ರ ದಶಕದ ಆರಂಭದ ವೇಳೆಗಾಗಲೇ ಇಂಜಿನಿಯರಿಂಗ್ ಕಾಲೇಜುಗಳು ಕಾಲೂರಿದ್ದವು. ಅನಂತರ 1998ರಲ್ಲಿ ಸ್ಥಾಪನೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಅವು ಸೇರಿದವು. ಈ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಭಾಷೆಗಳಿಗೆ ದೊರೆತಿರುವ ಸ್ಥಾನವನ್ನು ಗಮನಿಸಿದರೆ ಕುತೂಹಲಕರವಾದ ಒಂದು ಹಂಚಿಕೆ ಕಾಣುತ್ತದೆ. ಇಂಗ್ಲಿಷಿನ ಪಾಲಿಗೆ ‘ಸಂವಹನ ಇಂಗ್ಲಿಷ್’ ಮತ್ತು ‘ಇಂಗ್ಲಿಷಿನಲ್ಲಿ ವೃತ್ತಿಪರ ಬರವಣಿಗೆಯ ಕೌಶಲಗಳು’ ಎಂಬ ಪತ್ರಿಕೆಗಳಿವೆ. ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ‘ಸಾಂಸ್ಕೃತಿಕ ಕನ್ನಡ’, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಎಂಬ ಪತ್ರಿಕೆಗಳಿವೆ. ವೃತ್ತಿ ಇಂಗ್ಲಿಷಿಗೆ, ಸಂಸ್ಕೃತಿ ಕನ್ನಡಕ್ಕೆ ಎಂಬ ಈ ವಿಭಜನೆಯನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲ. ಆದರೆ ಅದನ್ನು ಯಾರೂ ಪ್ರಶ್ನಿಸಿದಂತೆಯೂ ಕಾಣುವುದಿಲ್ಲ.

ಇಂಗ್ಲಿಷ್ ಭಾಷೆಯ ವಿಶ್ವವಿದ್ಯಾಲಯಗಳಲ್ಲಿ ತಾಂತ್ರಿಕ ಸಂವಹನ ಮತ್ತು ಮಾಹಿತಿ ವಿನ್ಯಾಸ ಎಂಬುದು ಇಂದು ಸ್ವತಂತ್ರ ಅಧ್ಯಯನ ಶಿಸ್ತು. ಯಂತ್ರದ ಕೈಪಿಡಿ, ಔಷಧದ ಚೀಟಿ, ಅರ್ಜಿ ನಮೂನೆ, ಎಚ್ಚರಿಕೆಯ ಫಲಕ ಮೊದಲಾದವನ್ನು ಓದುಗನು ಕಾರ್ಯಗತಗೊಳಿಸುವಂತೆ ಬರೆಯುವುದು ಮತ್ತು ಪುಟದ ಮೇಲೆ ಅಣಿಗೊಳಿಸುವುದು ಅದರ ವಸ್ತು. ಗಮನಾರ್ಹವಾದ ಸಂಗತಿಯೆಂದರೆ, ಅನೇಕ ಕಡೆಗಳಲ್ಲಿ ಇದನ್ನು ಬೋಧಿಸುವವರು ಇಂಜಿನಿಯರುಗಳಲ್ಲ, ಇಂಗ್ಲಿಷ್ ವಿಭಾಗದ ಅಧ್ಯಾಪಕರು. ಅಂದರೆ ಇದು ಮೂಲತಃ ಭಾಷೆಯನ್ನು ಕುರಿತ ವಿದ್ಯೆಯೆಂದು ಅಲ್ಲಿ ಒಪ್ಪಲಾಗಿದೆ. ಹಾಗಿದ್ದಲ್ಲಿ ಕನ್ನಡದ ತಾಂತ್ರಿಕ ಬರವಣಿಗೆ ಯಾರ ಹೊಣೆ? ಅದು ಕನ್ನಡ ಅಧ್ಯಯನ ವಿಭಾಗಗಳದೇ ಹೊಣೆ ಎಂಬ ನಿಲುವನ್ನು ಬೀದರ ಜಿಲ್ಲೆಯ ಹಿನ್ನೆಲೆಯಲ್ಲಿ ಇಲ್ಲಿ ಮಂಡಿಸಲಾಗಿದೆ.

2

ತೊಗರಿ, ಸೋಯಾ, ಉದ್ದು, ಹೆಸರು, ಕಬ್ಬುಗಳನ್ನು ಬೆಳೆಯುವ ಭಾಲ್ಕಿ, ಔರಾದ ತಾಲೂಕುಗಳ ರೈತನ ಕೈಗೆ ಬರುವ ಅತ್ಯಂತ ಅಪಾಯಕಾರಿಯಾದ ಮುದ್ರಿತ ಪಠ್ಯವೆಂದರೆ ಕೀಟನಾಶಕದ ಡಬ್ಬಿಯ ಮೇಲಿನ ಚೀಟಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಚೀಟಿ ಮತ್ತು ಕರಪತ್ರಗಳು ಹಿಂದಿ, ಇಂಗ್ಲಿಷ್ ಹಾಗೂ ಮಾರಾಟದ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಪ್ರಾದೇಶಿಕ ಭಾಷೆಗಳಲ್ಲಿ ಇರಬೇಕು. ವಿಷದ ತೀವ್ರತೆಯನ್ನು ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಸೂಚಿಸಬೇಕು. ವಿಷಬಾಧೆಯ ಲಕ್ಷಣಗಳು, ಮುನ್ನೆಚ್ಚರಿಕೆ ಮತ್ತು ಪ್ರಥಮ ಚಿಕಿತ್ಸೆಯ ವಿವರಗಳೂ ಇರಬೇಕು. ಕಾನೂನಿನ ದೃಷ್ಟಿಯಿಂದ ನೋಡಿದರೆ ಇಲ್ಲಿ ಕನ್ನಡಕ್ಕೆ ಸ್ಥಾನವಿದೆ. ಆದರೆ ಕನ್ನಡದಲ್ಲಿ ಮುದ್ರಿತವಾಗಿರುವುದು ಬೇರೆ, ಕನ್ನಡದಲ್ಲಿ ತಿಳಿಯುವಂತಿರುವುದು ಬೇರೆ.

ಮೊದಲನೆಯದಾಗಿ ಪದದ ಸಮಸ್ಯೆ. ಚೀಟಿಯು ‘ಸಿಂಪರಣೆ’ ಎನ್ನುತ್ತದೆ. ಈ ಭಾಗದ ರೈತ ‘ಎಣ್ಣಿ ಹೊಡಿಯೋದು’ ಎನ್ನುತ್ತಾನೆ. ಗೊಬ್ಬರದ ಅಂಗಡಿಯಿಂದ ಹಿಡಿದು ಕೃಷಿ ಇಲಾಖೆಯ ಭಾಷಣದವರೆಗೆ ಕೀಟನಾಶಕಕ್ಕೆ ‘ಔಷಧ’ ಎಂಬ ಹೆಸರೂ ಬಳಕೆಯಲ್ಲಿದೆ. ರೋಗ ಕಳೆಯುವ ವಸ್ತುವಿಗೂ ಪ್ರಾಣ ತೆಗೆಯಬಲ್ಲ ವಸ್ತುವಿಗೂ ಒಂದೇ ಪದ ಬಳಕೆಯಾದಾಗ, ಪದವೇ ಅಪಾಯವನ್ನು ಮರೆಮಾಚುತ್ತದೆ. ಹಸಿರು ಬಣ್ಣದ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ನಿಯಮದ ಪ್ರಕಾರ ಅದು ಕಡಿಮೆ ವಿಷ. ರಸ್ತೆಯ ದೀಪವನ್ನು ನೋಡಿ ಬೆಳೆದ ಕಣ್ಣಿಗೆ ಅದು ಅಪಾಯವಿಲ್ಲವೆಂಬ ಸಂಕೇತ.

ಎರಡನೆಯದು ಅಳತೆಯ ಸಮಸ್ಯೆ. ಪ್ರಮಾಣವನ್ನು ಹೆಕ್ಟೇರಿನ ಲೆಕ್ಕದಲ್ಲಿ ಕೊಡಲಾಗುತ್ತದೆ. ರೈತನ ಲೆಕ್ಕ ಎಕರೆ, ಗುಂಟೆ ಮತ್ತು ಬೆನ್ನಿಗೆ ಹೊರುವ ಪಂಪು. ಉದಾಹರಣೆಗೆ, ಹೆಕ್ಟೇರಿಗೆ 500 ಮಿಲಿಲೀಟರ್ ಕೀಟನಾಶಕವನ್ನು 500 ಲೀಟರ್ ನೀರಿನಲ್ಲಿ ಬೆರೆಸಬೇಕೆಂದು ಇಟ್ಟುಕೊಳ್ಳೋಣ. ಒಂದು ಹೆಕ್ಟೇರಿಗೆ 2.47 ಎಕರೆಯಾದ್ದರಿಂದ ಎಕರೆಗೆ ಸುಮಾರು 200 ಮಿಲಿಲೀಟರ್ ಬೇಕು; 16 ಲೀಟರಿನ ಪಂಪಿಗಾದರೆ 16 ಮಿಲಿಲೀಟರ್. ಈ ಲೆಕ್ಕವನ್ನು ಬರೆದವನು ಮಾಡದೆ ಹೊಲದಲ್ಲಿ ನಿಂತವನ ತಲೆಗೆ ಬಿಟ್ಟಾಗ ಡಬ್ಬಿಯ ಮುಚ್ಚಳವೇ ಅಳತೆಯ ಪಾತ್ರೆಯಾಗುತ್ತದೆ. ‘ಪಂಪಿಗೆ ಇಷ್ಟು’ ಎಂಬ ಒಂದು ಸಾಲು ಈ ಕೊರತೆಯನ್ನು ನೀಗಬಲ್ಲದು.

ಮೂರನೆಯದು, ಕನ್ನಡ ವಿದ್ವಾಂಸರಿಗೆ ಹೆಚ್ಚು ಆಸಕ್ತಿದಾಯಕವಾದದ್ದು, ವಾಕ್ಯದ ಸಮಸ್ಯೆ. ಇಂಗ್ಲಿಷಿನ ನಿಷೇಧವಾಕ್ಯದಲ್ಲಿ ‘ಮಾಡಬೇಡ’ ಎಂಬ ಅಂಶ ಮೊದಲಿಗೇ ಬರುತ್ತದೆ. ಕನ್ನಡ ಕ್ರಿಯಾಂತ್ಯ ಭಾಷೆಯಾದ್ದರಿಂದ ನಿಷೇಧವು ಕೊನೆಗೆ ಬರುತ್ತದೆ. ಮಾದರಿಗಾಗಿ ಈ ರಚನೆಯನ್ನು ಗಮನಿಸಬಹುದು: ‘ಗಾಳಿ ಬೀಸುವ ದಿಕ್ಕಿಗೆ ಅಭಿಮುಖವಾಗಿ ನಿಂತು, ಕೈಗವಸು ಹಾಗೂ ಮುಖವಾಡಗಳನ್ನು ಧರಿಸದೆ, ಆಹಾರ ಸೇವನೆ ಅಥವಾ ಧೂಮಪಾನ ಮಾಡುತ್ತ ಸಿಂಪರಣೆಯನ್ನು ಕೈಗೊಳ್ಳತಕ್ಕದ್ದಲ್ಲ.’ ವ್ಯಾಕರಣದ ದೃಷ್ಟಿಯಿಂದ ಇದು ನಿರ್ದುಷ್ಟ. ಆದರೆ ತಡವರಿಸುತ್ತ ಓದುವವನು ಕೊನೆಯ ಪದವನ್ನು ತಲುಪುವವರೆಗೆ ಇದು ನಿಷೇಧವೆಂಬುದೇ ತಿಳಿಯದು. ಅರ್ಧಕ್ಕೆ ನಿಂತರೆ ತದ್ವಿರುದ್ಧವಾದ ಅರ್ಥವೂ ಹೊರಡಬಹುದು. ಇದನ್ನೇ ‘ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕೈಗವಸು ಹಾಕಿಕೊಳ್ಳಿ. ಮೂಗು, ಬಾಯಿ ಮುಚ್ಚಿಕೊಳ್ಳಿ. ಹೊಡೆಯುವಾಗ ಏನೂ ತಿನ್ನಬೇಡಿ, ಬೀಡಿ ಸೇದಬೇಡಿ’ ಎಂದು ಬಿಡಿಸಿ ಬರೆದರೆ ಪ್ರತಿಯೊಂದು ವಾಕ್ಯವೂ ಒಂದು ಕೆಲಸವನ್ನು ಮಾಡಿಸುತ್ತದೆ. ಬಾರದು, ಕೂಡದು, ಬೇಡಿ, ತಕ್ಕದ್ದಲ್ಲ ಎಂಬ ನಿಷೇಧರೂಪಗಳಲ್ಲಿ ಯಾವುದು ಯಾವ ಸಂದರ್ಭಕ್ಕೆ ತಕ್ಕುದು ಎಂಬುದನ್ನು ರಸಾಯನಶಾಸ್ತ್ರಜ್ಞ ಹೇಳಲಾರ. ಅದು ವ್ಯಾಕರಣ ಬಲ್ಲವನ ಕೆಲಸ.

ಇದಕ್ಕೆ ಲಿಪಿಯ ಪ್ರಶ್ನೆಯನ್ನೂ ಸೇರಿಸಬೇಕು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಜಾಗ ಬೇಡುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಕ್ಷರದ ಗಾತ್ರವನ್ನೂ ಸಾಲುಗಳ ನಡುವಣ ಅಂತರವನ್ನೂ ಕನ್ನಡಕ್ಕೆ ಹಾಗೆಯೇ ಅನ್ವಯಿಸಿದರೆ ಒತ್ತುಗಳು ಕಲೆಸಿಹೋಗುತ್ತವೆ. ಸಂಧಿ ಸಮಾಸಗಳಿಂದ ಉದ್ದವಾದ ಪದಗಳು ಕಿರಿದಾದ ಅಂಕಣದಲ್ಲಿ ಅಸಹಜವಾಗಿ ಒಡೆಯುತ್ತವೆ. ಇಂಗ್ಲಿಷಿನ ಮಾಹಿತಿ ವಿನ್ಯಾಸದ ಪಾಠಗಳನ್ನು ಅನುವಾದಿಸಿಕೊಂಡರೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವುದಿಲ್ಲ, ಏಕೆಂದರೆ ಅಲ್ಲಿ ಈ ಪ್ರಶ್ನೆಗಳೇ ಇಲ್ಲ.

3

ಕನ್ನಡ ವಿಭಾಗಗಳ ಕೆಲಸ ಸಾಹಿತ್ಯದ ಅಧ್ಯಯನ. ಚೀಟಿ, ಕೈಪಿಡಿಗಳ ಗೊಡವೆ ಅವಕ್ಕೇಕೆ ಎಂಬ ಆಕ್ಷೇಪ ಸಹಜ. ಆದರೆ ಕನ್ನಡ ಸಾಹಿತ್ಯ ಚರಿತ್ರೆಯೇ ಈ ಆಕ್ಷೇಪಕ್ಕೆ ಉತ್ತರವಾಗಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದ ಆರಂಭದಲ್ಲಿ, ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಜಲಶೋಧನೆ, ಚಿಕಿತ್ಸೆ, ಪಾಕಗಳ ವಿವರಗಳಿವೆ. 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ ಜಾನುವಾರುಗಳ ಚಿಕಿತ್ಸೆಯನ್ನು ಕುರಿತದ್ದು. ಅದೇ ಶತಮಾನದ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿ ಬರೆದನು. ಇವುಗಳನ್ನು ಶಾಸ್ತ್ರಸಾಹಿತ್ಯವೆಂಬ ಹೆಸರಿನಲ್ಲಿ ವಿಭಾಗಗಳು ಪಾಠ ಹೇಳುತ್ತಲೇ ಬಂದಿವೆ. ಆ ಚಾಲುಕ್ಯರ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೂ ಇದೇ ಬೀದರ. ಗೋವೈದ್ಯವನ್ನು ಹಸ್ತಪ್ರತಿಯಾಗಿ ಪರಿಷ್ಕರಿಸುವುದು ಸಂಶೋಧನೆಯಾಗುವುದಾದರೆ, ಇಂದಿನ ದನಗಾಹಿಗೆ ಲಸಿಕೆಯ ವಿಷಯವನ್ನು ತಿಳಿಸುವ ಕರಪತ್ರದ ಭಾಷೆಯನ್ನು ಪರಿಶೀಲಿಸುವುದು ಸಂಶೋಧನೆಯಾಗದಿರಲು ಕಾರಣವಿಲ್ಲ.

ಕನ್ನಡದಲ್ಲಿ ಪರಿಭಾಷೆಯಿಲ್ಲ ಎಂಬುದು ಎರಡನೆಯ ಆಕ್ಷೇಪ. ಈ ವಿಷಯದಲ್ಲಿ ಬೀದರಿಗೆ ತನ್ನದೇ ಆದ ಚಾರಿತ್ರಿಕ ಅನುಭವವಿದೆ. 1956ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಅನುವಾದ ಸಂಸ್ಥೆಯೊಂದರ ನೆರವಿನಿಂದ ವೈದ್ಯಕೀಯ, ಇಂಜಿನಿಯರಿಂಗ್ ವಿಷಯಗಳನ್ನೂ ಉರ್ದುವಿನಲ್ಲಿ ಬೋಧಿಸಿತು. ದೇಶೀಯ ಭಾಷೆಯೊಂದಕ್ಕೆ ಪರಿಭಾಷೆಯನ್ನು ಕಟ್ಟುವುದು ಅಸಾಧ್ಯವಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. 1948ರ ಅನಂತರ ಆ ವಿಶ್ವವಿದ್ಯಾಲಯ ಇಂಗ್ಲಿಷಿಗೆ ತಿರುಗಿತು. ಅದಕ್ಕೆ ರಾಜಕೀಯ ಕಾರಣಗಳಿದ್ದವು. ಆದರೆ ಆ ಭಾಷೆ ಬಹುಸಂಖ್ಯಾತರಾದ ಕನ್ನಡ, ತೆಲುಗು, ಮರಾಠಿ ಭಾಷಿಕರದಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಪರಿಭಾಷೆಯೊಂದೇ ಸಾಲದು, ಅದನ್ನು ಬಳಸುವ ಜನರೂ ಬೇಕು ಎಂಬುದು ಈ ಚರಿತ್ರೆಯ ಪಾಠ.

ಇಂದಿನ ಅನುಭವವೂ ಇದಕ್ಕೆ ಪೂರಕವಾಗಿದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿತು. ಕರ್ನಾಟಕದಲ್ಲಿ ಇದಕ್ಕೆ ಮುಂದಾದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯದೂ ಒಂದು. ಆದರೆ ರಾಜ್ಯದಲ್ಲಿ ಕನ್ನಡ ಮಾಧ್ಯಮವನ್ನು ಆಯ್ದುಕೊಂಡವರು ಬೆರಳೆಣಿಕೆಯಷ್ಟು ಮಾತ್ರ. ಇದನ್ನು ಕನ್ನಡದ ಸೋಲೆಂದು ಬಗೆಯಬೇಕಾಗಿಲ್ಲ. ಓದಿದ ಮೇಲೆ ಆ ಕನ್ನಡಕ್ಕೆ ಕೆಲಸವೆಲ್ಲಿದೆ ಎಂದು ವಿದ್ಯಾರ್ಥಿ ಕೇಳಿದ್ದಾನೆ. ಇಡೀ ಪದವಿಯನ್ನು ಕನ್ನಡಕ್ಕೆ ತರುವುದಕ್ಕಿಂತ ಮೊದಲು, ಕನ್ನಡದಲ್ಲಿಯೇ ಆಗಬೇಕಾದ ಕೆಲಸವನ್ನು ಗುರುತಿಸುವುದು ವಿವೇಕ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ಬಯಸುತ್ತದೆ. ಆ ಸೂಚನೆಗಳನ್ನು ಬರೆಯುವವರು ಯಾರು? ತರಬೇತಾದವರು ಇಲ್ಲದಿದ್ದರೆ ಯಂತ್ರಾನುವಾದವೇ ಆ ಸ್ಥಾನವನ್ನು ತುಂಬುತ್ತದೆ. ಅದರ ತಪ್ಪನ್ನು ತಿದ್ದಲಿಕ್ಕೂ ಕನ್ನಡ ಬಲ್ಲವರೇ ಬೇಕಾಗುತ್ತದೆ.

4

ಈ ದಿಸೆಯಲ್ಲಿ ಕನ್ನಡ ಎಂ.ಎ. ತರಗತಿಗೆ ಒಂದು ಸೆಮಿಸ್ಟರಿನ ಪತ್ರಿಕೆಯನ್ನು ರೂಪಿಸುವುದು ಕಷ್ಟಸಾಧ್ಯವೇನಲ್ಲ. ಶಾಸ್ತ್ರಸಾಹಿತ್ಯದ ನಿರೂಪಣಾ ಕ್ರಮ, ಕನ್ನಡ ವಾಕ್ಯರಚನೆ ಮತ್ತು ವಿಧಿನಿಷೇಧಗಳು, ಲಿಪಿ ಮತ್ತು ಮುದ್ರಣ ವಿನ್ಯಾಸ ಇವು ಮೊದಲ ಭಾಗವಾಗಬಹುದು. ಎರಡನೆಯ ಭಾಗ ಕ್ಷೇತ್ರಕಾರ್ಯ. ವಿದ್ಯಾರ್ಥಿಯು ಬಳಕೆಯಲ್ಲಿರುವ ಚೀಟಿಯನ್ನೋ ಅರ್ಜಿಯನ್ನೋ ಆಯ್ದುಕೊಂಡು, ಅದನ್ನು ಓದಬೇಕಾದವರ ಮುಂದಿಟ್ಟು, ಎಲ್ಲಿ ತಡೆಯುತ್ತಾರೆಂಬುದನ್ನು ದಾಖಲಿಸಿ, ತಿದ್ದಿ ಬರೆದು ಮತ್ತೆ ಪರೀಕ್ಷಿಸಬೇಕು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದಾದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಈ ಒಂದು ವಾಕ್ಯ ತಿಳಿವಳಿಕೆ ಪತ್ರದ ಮೊದಲ ಸಾಲಿನಲ್ಲಿದೆಯೇ ಹತ್ತನೆಯ ಸಾಲಿನಲ್ಲಿದೆಯೇ ಎಂಬುದರ ಮೇಲೆ ರೈತನ ಪರಿಹಾರ ನಿಂತಿರುತ್ತದೆ. ಇಂತಹ ಬರವಣಿಗೆಗೆ ಅಂಕ ಕೊಡುವಾಗ ಅಧ್ಯಾಪಕನ ಮೆಚ್ಚುಗೆಗಿಂತ ಓದುಗನು ಸರಿಯಾಗಿ ಮಾಡಿದನೇ ಎಂಬುದು ಮುಖ್ಯವಾಗಬೇಕು.

ಔರಾದ, ಭಾಲ್ಕಿಗಳಲ್ಲಿ ಮರಾಠಿ, ಬೀದರ ನಗರದಲ್ಲಿ ಉರ್ದು, ಗಡಿಯ ಊರುಗಳಲ್ಲಿ ತೆಲುಗು ಮನೆಮಾತಾಗಿರುವವರು ಗಣನೀಯವಾಗಿದ್ದಾರೆ. ಕನ್ನಡವನ್ನು ಸರಳಗೊಳಿಸುವ ಈ ಕೆಲಸ ಅವರಿಗೆ ವಿರುದ್ಧವಾದುದಲ್ಲ. ಕನ್ನಡವನ್ನು ಎರಡನೆಯ ಭಾಷೆಯಾಗಿ ಓದುವವನಿಗೆ ಚಿಕ್ಕ ವಾಕ್ಯ, ಸ್ಪಷ್ಟ ಚಿತ್ರ, ಪರಿಚಿತ ಪದಗಳ ಅಗತ್ಯ ಇನ್ನೂ ಹೆಚ್ಚು. ಇಂಜಿನಿಯರಿಂಗ್ ಕಾಲೇಜುಗಳು, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರೂಪುಗೊಂಡ ಬೀದರ ವಿಶ್ವವಿದ್ಯಾಲಯ ಇವೆಲ್ಲವೂ ಒಂದೇ ಜಿಲ್ಲೆಯಲ್ಲಿರುವುದರಿಂದ ಜಂಟಿ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ನೆಲ ದೊರೆಯಲಾರದು.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ನಾಡಿನಲ್ಲಿ ಮನೆಮಾತಾಗಿರುವ ಸಂಗತಿ. ಇಂದು ಫಲಕಗಳು ಕನ್ನಡದಲ್ಲಿವೆ. ಒಳಗೆ ವೃತ್ತಿಯ ಬರವಣಿಗೆಯೆಲ್ಲ ಇಂಗ್ಲಿಷಿನಲ್ಲಿ ಕಲಿಸಲಾಗುತ್ತಿದೆ. ಫಲಕದ ಕನ್ನಡಕ್ಕಾಗಿ ಹೋರಾಡಿದ ತಲೆಮಾರು ತನ್ನ ಕೆಲಸವನ್ನು ಮಾಡಿದೆ. ಡಬ್ಬಿಯ ಮೇಲಿನ ಕನ್ನಡ, ಅರ್ಜಿಯೊಳಗಿನ ಕನ್ನಡ, ಆಸ್ಪತ್ರೆಯ ಚೀಟಿಯ ಕನ್ನಡ ಇನ್ನೂ ಉಳಿದಿದೆ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಂದರ್ಭದಲ್ಲಿ ಅಧ್ಯಯನ ಮಂಡಳಿಗಳು ಇದನ್ನು ಚರ್ಚೆಗೆ ಎತ್ತಿಕೊಳ್ಳುವುದು ಅವಶ್ಯ.